ಟಿ ಕೋಶಕ್ಕೆ ವಿಳಾಸ ಹೇಳುವವರು ಯಾರು?

ಕಳೆದ ಸಂಚಿಕೆಯ ರೋಗನಿರೋಧಕ ಶಕ್ತಿಯ ಲೇಖನ ಓದಿ ಹೈಸ್ಕೂಲು ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಟಿ ಕೋಶ (ರೋಗಾಣುಗಳೊಂದಿಗೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ರೋಗಾಣು ಇದ್ದಲ್ಲಿಗೆ ನೇರವಾಗಿ ಧಾವಿಸುತ್ತದೆ ಎಂದಿದ್ದೀರಿ. ಒಂದು ರೋಗಾಣುವಿನ ಗುರುತು ಹಿಡಿಯುವ ಕೋಶ ಲಕ್ಷಕ್ಕೊಂದು ಎಂದೂ ಹೇಳಿದ್ದೀರಿ. ಹಾಗಾದರೆ ಅದಕ್ಕೆ ವಿಳಾಸ ಹೇಳುವವರು ಯಾರು? ನನ್ನ ಮಗನ ಪಾದಕ್ಕೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಎದ್ದದ್ದೇಕೆ?’

ಮೇಷ್ಟ್ರೇ, ವಿಳಾಸ ಯಾರೂ ಹೇಳುವುದಿಲ್ಲ. ‘ನೇರವಾಗಿ’ ಎಂದು ಬರೆದದ್ದು ನಮ್ಮ ತಪ್ಪು. ನಿಮ್ಮ ಪ್ರಶ್ನೆಯಿಂದ ಅದನ್ನು ತಿದ್ದಿಕೊಳ್ಳುವಂತಾಯಿತು, ಕೃತಜ್ಞ.

ಇನ್ನೂ ರೋಗಾಣುವನ್ನೇ ಕಾಣದ ಟಿ ಕೋಶ ಗಾಯದ ಕಡೆಗೆ ಹೋಗುವುದೇ ಇಲ್ಲ. ರಕ್ತದಿಂದ ಒಂದು ದುಗ್ಧಗ್ರಂಥಿಗೆ (ಲಿಂಫ್ ನೋಡ್; ರೋಗನಿರೋಧಕ ಕೋಶಗಳು ನೆರೆಯುವ ಸಣ್ಣ ಗಂಟು) ಇಳಿದು, ಅಲ್ಲಿ ಸುಮಾರು ಒಂದು ದಿನ ಅಲೆದು, ಏನೂ ಸಿಗದಿದ್ದರೆ ಹೊರಬಿದ್ದು ಮತ್ತೊಂದು ಗ್ರಂಥಿಗೆ ಹೋಗುತ್ತದೆ. ಗಾಯದ ಸುದ್ದಿ ತರುವುದು ಡೆಂಡ್ರೈಟಿಕ್ ಕೋಶ. ಪಾದದಲ್ಲಿ ರೋಗಾಣುವಿನ ಚೂರುಗಳನ್ನು ಮೈಮೇಲೆ ಹೊತ್ತು, ಅಂಗಾಂಶದ ದ್ರವ ಹರಿಯುವ ದುಗ್ಧನಾಳ ಹಿಡಿದು ತೊಡೆಸಂದಿನ ಗ್ರಂಥಿಗೆ ಬಂದು ಕೈ ಚಾಚಿ ಕೂರುತ್ತದೆ.

ಆಮೇಲೆ ನಡೆಯುವುದನ್ನು ಕಣ್ಣಾರೆ ನೋಡಲು ಸಾಧ್ಯವಾದದ್ದು 2002ರ ಹೊತ್ತಿಗೆ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮೈಕಲ್ ಕಹಲನ್, ಇಯಾನ್ ಪಾರ್ಕರ್ ಮತ್ತು ಸಂಗಡಿಗರು ಇಲಿಯ ದುಗ್ಧಗ್ರಂಥಿಯನ್ನು ಬೆಚ್ಚಗಿನ, ಆಮ್ಲಜನಕ ತುಂಬಿದ ದ್ರವದಲ್ಲಿ ಜೀವಂತವಾಗಿಟ್ಟು, ಅಂಗಾಂಶದ ಆಳಕ್ಕೂ ನೋಡಬಲ್ಲ ಟೂ-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದುವರೆಗೆ ಸತ್ತ ಅಂಗಾಂಶದ ಹೋಳುಗಳಲ್ಲಿ ನಿಶ್ಚಲವಾಗಿ ಕಂಡಿದ್ದ ಟಿ ಕೋಶಗಳು ಅಲ್ಲಿ ಓಡಾಡುತ್ತಿದ್ದವು! ಹಿಂದೆ ಬಾಲದಂತೆ ಉದ್ದವಾಗಿ, ತುಸು ನಿಂತು, ದಿಕ್ಕು ಬದಲಿಸಿ ಮತ್ತೆ ಹೊರಡುವುದು. ವೇಗ ನಿಮಿಷಕ್ಕೆ ಸರಾಸರಿ 10–12 ಮೈಕ್ರೋಮೀಟರ್. ತನ್ನ ಮೈಯಳತೆಯ ಒಂದೂವರೆ–ಎರಡರಷ್ಟು. ಎತ್ತ ಹೋಗಬೇಕೆಂಬ ಗೊತ್ತುಗುರಿ ಮಾತ್ರ ಇಲ್ಲ.

ಈ ಅಲೆದಾಟವನ್ನು ದೌರ್ಬಲ್ಯ ಎನ್ನಲು ನನಗೆ ಮನಸ್ಸಿಲ್ಲ. ಗ್ರಂಥಿಯೊಳಗೆ ಜಾಲಕೋಶಗಳು ಹೆಣೆದ ಸಣ್ಣ ಎಳೆಗಳ ಬಲೆ ಇದೆ. ಟಿ ಕೋಶ ಆ ಎಳೆಗಳನ್ನೇ ಹಿಡಿದು ಸಾಗುತ್ತದೆ, ಡೆಂಡ್ರೈಟಿಕ್ ಕೋಶವೂ ಅದೇ ಎಳೆಗಳ ಮೇಲೆ ಕೂತಿರುತ್ತದೆ. ದಾರಿ ಒಂದೇ ಆದಮೇಲೆ ಎದುರಾಗದೆ ಇರುವುದು ಕಷ್ಟ. ಒಂದೊಂದು ಡೆಂಡ್ರೈಟಿಕ್ ಕೋಶವನ್ನು ಗಂಟೆಗೆ ನೂರಾರು ಟಿ ಕೋಶಗಳು ತಾಕಿ ಹೋಗುತ್ತವೆ. ಲಕ್ಷಕ್ಕೊಂದು ಸಿಗುವುದು ಹೀಗೆ.

ಸಿಕ್ಕಮೇಲೂ ಅವಸರವಿಲ್ಲ. 2004ರಲ್ಲಿ ಹಾರ್ವರ್ಡ್‌ನ ಉಲ್ರಿಚ್ ಫಾನ್ ಆಂಡ್ರಿಯಾನ್ ತಂಡ ಇಲಿಯ ಪಾದಕ್ಕೆ ಡೆಂಡ್ರೈಟಿಕ್ ಕೋಶ ಚುಚ್ಚಿ, ಮೊಣಕಾಲ ಹಿಂದಿನ ಗ್ರಂಥಿಯನ್ನು ಗಮನಿಸಿತು. ನಿಮ್ಮ ಮಗನ ಮುಳ್ಳಿನ ಕಥೆಯೇ ಹೆಚ್ಚುಕಡಿಮೆ. ಮೊದಲ ಎಂಟು ಗಂಟೆ ಟಿ ಕೋಶ ಡೆಂಡ್ರೈಟಿಕ್ ಕೋಶವನ್ನು ತಾಕಿ ತಾಕಿ ಬಿಡುವುದು. ಮುಂದಿನ ಹನ್ನೆರಡು ಗಂಟೆ ಬಿಡದೆ ಅಂಟಿ ನಿಲ್ಲುವುದು. ಎರಡನೆಯ ದಿನ ಕಳಚಿಕೊಂಡು ಮತ್ತೆ ಓಡಾಟ, ಜೊತೆಗೆ ಒಂದು ಎರಡಾಗುವ ಕೆಲಸ.

ಗಂಟು ಏಳುವುದು ಈ ದಿನಗಳಲ್ಲೇ. ರಕ್ತದಿಂದ ಒಳಬರುವ ಕೋಶಗಳು ಹೆಚ್ಚುತ್ತವೆ. ಹೊರಗೆ ಸೆಳೆಯುವ ಎಸ್1ಪಿ ಎಂಬ ಕೊಬ್ಬಿನಂಶದ ಸಂಕೇತವನ್ನು ಗ್ರಹಿಸುವ ಗ್ರಾಹಕವನ್ನು ಟಿ ಕೋಶ ಕೆಲಕಾಲ ಒಳಗೆಳೆದುಕೊಂಡಿರುತ್ತದೆ, ಆದ್ದರಿಂದ ಬಾಗಿಲು ತೆರೆದಿದ್ದರೂ ಹೋಗುವುದಿಲ್ಲ. ಅದರ ಮೇಲೆ ಒಂದು ಎರಡಾಗಿ ಸಂತತಿಯೂ ಬೆಳೆಯುತ್ತಿರುತ್ತದೆ. ಬಾವು ಇಳಿದ ಮೇಲೂ ಗಂಟು ವಾರಗಟ್ಟಲೆ ಉಳಿದರೆ, ದೊಡ್ಡದಾಗುತ್ತಲೇ ಹೋದರೆ ಡಾಕ್ಟರಿಗೆ ತೋರಿಸಿ.

ಕೆಲವು ದಿನಗಳಲ್ಲಿ ಆ ಗ್ರಾಹಕ ಮರಳಿ ಬರುತ್ತದೆ. ಮರಿಕೋಶಗಳು ದುಗ್ಧನಾಳದಿಂದ ರಕ್ತಕ್ಕೆ ಸೇರುತ್ತವೆ; ಗಾಯದ ಬಳಿ ಊದಿದ ರಕ್ತನಾಳದ ಗೋಡೆ ಅವನ್ನು ಹಿಡಿದು ನಿಲ್ಲಿಸುತ್ತದೆ. ಮುಳ್ಳು ಚುಚ್ಚಿದ ಪಾದವನ್ನು ಟಿ ಕೋಶ ಹೊಕ್ಕುವುದು ಆಗ.