ಬೆಂಗಳೂರಿನಲ್ಲಿ ಮಲೇರಿಯಾ ಔಷಧದ ಮೇಲೆ ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ದಿನವಿಡೀ ಏನು ಕೆಲಸ ಇರುತ್ತೆ? ಕೊನೆಗೆ ಔಷಧ ಸಿಗುತ್ತಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ನಾನು ಬಯೋಕೆಮಿಸ್ಟ್. ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ನನಗಿನ್ನೂ ಔಷಧ ಸಿಕ್ಕಿಲ್ಲ.

ದಿನವಿಡೀ ಏನು ಮಾಡುತ್ತೇವೆ ಅಂದರೆ, ಸಾಕುತ್ತೇವೆ. ಕೊಲ್ಲಬೇಕಾದರೂ ಮೊದಲು ಸಾಕಲೇಬೇಕಲ್ವಾ? ಮಲೇರಿಯಾ ತರುವ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ನಮ್ಮ ಕೆಂಪು ರಕ್ತಕಣದೊಳಗೆ ಬೆಳೆಯುವ ಜೀವಿ. ಅದಕ್ಕೆ ತಾಜಾ ರಕ್ತ ಬೇಕು, ದಿನಾ ಮೀಡಿಯಂ (ಅದನ್ನು ಬೆಳೆಸುವ ಪೋಷಕ ದ್ರವ) ಬದಲಿಸಬೇಕು, ಆಕ್ಸಿಜನ್ ಕಡಿಮೆ ಇರಬೇಕು. ಸುಮಾರು 48 ಗಂಟೆಗೊಮ್ಮೆ ಕಣ ಒಡೆದು ಹೊಸ ಮರಿಗಳು ಹೊರಬರುತ್ತವೆ. ಅವಕ್ಕೆ ಭಾನುವಾರ ಗೊತ್ತಿಲ್ಲ, ಯುಗಾದಿಯೂ ಗೊತ್ತಿಲ್ಲ. ತಂಗಿಯ ಮದುವೆಯಲ್ಲಿ ಧಾರೆ ಮುಗಿದದ್ದೇ ತಡ, ಊಟಕ್ಕೂ ಕೂರದೆ ಲ್ಯಾಬಿಗೆ ಓಡಿದ್ದೆ. ಅಮ್ಮ ಇವತ್ತಿಗೂ ಅದನ್ನೇ ಆಡುತ್ತಾರೆ.

ಒಂದು ಶನಿವಾರ ರಾತ್ರಿ, ಆ ಕಡಿಮೆ ಆಕ್ಸಿಜನ್ನಿನ ಗಾಳಿ ಕೊಡುವ ಗ್ಯಾಸ್ ಸಿಲಿಂಡರ್ ಖಾಲಿಯಾಗಿತ್ತು. ಮೀಟರ್ ನೋಡದೇ ಇದ್ದದ್ದು ನನ್ನದೇ ತಪ್ಪು. ಆಗ ಕೈಹಿಡಿದದ್ದು ಹಳೆಯ ಉಪಾಯ. 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಎಂಬ ವಿಜ್ಞಾನಿಗಳು ಈ ಪರಾವಲಂಬಿಯನ್ನು ಲ್ಯಾಬಿನಲ್ಲಿ ಬಿಡದೆ ಬೆಳೆಸಿ ತೋರಿಸಿದಾಗ ಬಳಸಿದ್ದು ಒಂದು ಮೇಣದಬತ್ತಿ. ಗಾಜಿನ ಜಾಡಿಯಲ್ಲಿ ಪರಾವಲಂಬಿ ಇರುವ ತಟ್ಟೆಗಳನ್ನಿಟ್ಟು, ಪಕ್ಕದಲ್ಲಿ ಬತ್ತಿ ಹಚ್ಚಿ ಮುಚ್ಚಳ ಹಾಕಬೇಕು. ಜ್ವಾಲೆ ಸಣ್ಣಗಾಗಿ ಆರುವ ಹೊತ್ತಿಗೆ ಮುಚ್ಚಳದ ಮೇಲಿನ ಗಾಳಿ ತಿರುಪು ಬಿಗಿ ಮಾಡಬೇಕು. ಅಷ್ಟೇ. ಬತ್ತಿಯೇ ಆಕ್ಸಿಜನ್ ಇಳಿಸಿ ಇಂಗಾಲದ ಡೈಆಕ್ಸೈಡ್ ಏರಿಸಿರುತ್ತದೆ. ಬತ್ತಿ ತರಲು ಯಶವಂತಪುರದ ಅಂಗಡಿಗೆ ಹೋದರೆ, ‘ನಿಮ್ಮ ಕಡೆ ಕರೆಂಟ್ ಹೋಯ್ತಾ?’ ಅಂದರು. ಹೂಂ ಅಂದೆ, ಏನಂತ ವಿವರಿಸುವುದು? ಸೋಮವಾರ ಗಾಜಿನ ಮೇಲೆ ಆ ರಕ್ತದ ಹನಿ ಎಳೆದು, ಪರಾವಲಂಬಿ ಎದ್ದು ಕಾಣಿಸುವ ಜಿಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕಣಗಳೊಳಗೆ ಪರಾವಲಂಬಿಗಳು ಒಂಟಿ ಹರಳಿನ ಉಂಗುರಗಳ ಹಾಗೆ ಕೂತಿದ್ದವು. ಕೊಲ್ಲಬೇಕಾದ ಜೀವಿ ಬದುಕಿದೆ ಅಂತ ಅಷ್ಟು ಖುಷಿಪಟ್ಟದ್ದು ನಾನೊಬ್ಬಳೇ ಇರಲಾರೆ.

ಇನ್ನು ಬಯೋಕೆಮಿಸ್ಟ್‌ಗಳ ಪಾಲಿನ ಕೆಲಸ: ಪರಾವಲಂಬಿ ಏನು ತಿನ್ನುತ್ತೆ, ಎಲ್ಲಿ ಸಿಕ್ಕಿಬೀಳುತ್ತೆ ಅಂತ ಹುಡುಕುವುದು. ಉದಾಹರಣೆಗೆ, ಅದು ನಮ್ಮ ಹಿಮೋಗ್ಲೋಬಿನ್ ತಿನ್ನುತ್ತದೆ. ಮಿಕ್ಕುವ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ಪರಾವಲಂಬಿಗೇ ವಿಷ. ಹಾಗಾಗಿ ಅದನ್ನು ಹರಳು ಮಾಡಿ ಒಳಗೇ ಒಟ್ಟಿಟ್ಟುಕೊಳ್ಳುತ್ತದೆ. ಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧ ಅದನ್ನು ಹರಳಾಗಲು ಬಿಡುವುದಿಲ್ಲ. ನಮ್ಮ ಬೀದಿಗೆ ಒಂದು ವಾರ ಕಸದ ಗಾಡಿ ಬರದಿದ್ದರೆ ಏನಾಗುತ್ತೆ? ಅದೇ ಗತಿ. ಆಮೇಲೆ ಪರಾವಲಂಬಿ ತನ್ನ ಒಂದು ಸಾಗಣೆ ಪ್ರೋಟೀನನ್ನು ಬದಲಿಸಿಕೊಂಡು ಕ್ಲೋರೋಕ್ವಿನ್ನನ್ನೇ ಆಚೆ ಹಾಕುವುದನ್ನು ಕಲಿತುಬಿಟ್ಟಿತು, ಆ ಕಥೆ ಬೇರೆ.

ಎಲ್ಲ ಬೀಗವೂ ಬಾಗಿಲಿಗೇ ಇರುವುದಿಲ್ಲ, ಕೆಲವು ಗುರಿ ಮುರಿದರೂ ಪರಾವಲಂಬಿ ಸಾಯುವುದಿಲ್ಲ. ಇದು ನಾನು ನಷ್ಟಪಟ್ಟು ಕಲಿತದ್ದು. 2001ರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಗಳಾದ ನಮಿತಾ ಸುರೋಲಿಯಾ ಮತ್ತು ಅವಧೇಶ ಸುರೋಲಿಯಾ, ಸೋಪು, ಟೂತ್‌ಪೇಸ್ಟಿನಲ್ಲಿ ಹಾಕುತ್ತಿದ್ದ ಟ್ರೈಕ್ಲೋಸಾನ್ ಎಂಬ ರೋಗಾಣುನಾಶಕ ಈ ಪರಾವಲಂಬಿಯನ್ನು ತಡೆಯುತ್ತದೆ ಎಂದು ತೋರಿಸಿದರು. ಪರಾವಲಂಬಿಯಲ್ಲಿ ಕೊಬ್ಬಿನಾಮ್ಲ ತಯಾರಿಸುವ ಒಂದು ಎನ್‌ಜೈಮ್ (ಕಿಣ್ವ) ಅದರ ಗುರಿ. ಜಗತ್ತಿನ ಎಷ್ಟೋ ಲ್ಯಾಬುಗಳು ಅದರ ಹಿಂದೆ ಬಿದ್ದವು, ನಾನೂ ಮೂರು ವರ್ಷ ಅದರ ಹಿಂದೇ ಇದ್ದೆ. 2008ರಲ್ಲಿ ಇಲಿಗಳ ಮಲೇರಿಯಾ ಪರಾವಲಂಬಿಯಲ್ಲಿ ಆ ಜೀನನ್ನೇ ತೆಗೆದು ನೋಡಿದರು. ರಕ್ತದಲ್ಲಿ ಅದು ಆರಾಮಾಗಿ ಬೆಳೆಯಿತು! ಆ ಎನ್‌ಜೈಮ್ ಬೇಕಾಗುವುದು ರಕ್ತಕ್ಕೆ ಬರುವ ಮುಂಚಿನ ಯಕೃತ್ತಿನ ಹಂತದಲ್ಲಂತೆ. ಆ ದಿನ ಕ್ಯಾಂಟೀನಿನಲ್ಲಿ ಎರಡು ಕಾಫಿ ಜಾಸ್ತಿ ಕುಡಿದೆ. ಆದರೂ ಆ ಕೆಲಸ ಸುಮ್ನೆ ಹೋಯಿತು ಅಂತ ನನಗನ್ನಿಸುವುದಿಲ್ಲ. ನಿಮಗೆ ಗೈಡ್ ಒಂದು ಎನ್‌ಜೈಮ್ ಕೊಟ್ಟರೆ, ‘ಇದನ್ನು ತೆಗೆದರೆ ಯಾವ ಹಂತದಲ್ಲಿ ಸಾಯುತ್ತೆ?’ ಎಂದು ಮೊದಲ ದಿನವೇ ಕೇಳಿ. ಸಂಕೋಚ ಬೇಡ.

‘ಮಲೇರಿಯಾ ಇನ್ನೂ ಇದೆಯಾ?’ ಎಂದು ನೆಂಟರು ಕೇಳುತ್ತಾರೆ. ಮಂಗಳೂರಿನವರು ಮಾತ್ರ ಕೇಳುವುದಿಲ್ಲ, ಅಲ್ಲಿ ಮಲೇರಿಯಾ ವರ್ಷಗಟ್ಟಲೆ ಕಾಡಿತ್ತು. ಮಲೇರಿಯಾ ತರುವ ಇನ್ನೊಂದು ಪರಾವಲಂಬಿ ವೈವಾಕ್ಸ್ ಮೇಲೆ ಕೆಲಸ ಮಾಡುವ ಆಸೆಯಿದ್ದರೆ ತಿಳಿದಿರಲಿ, ಅದನ್ನು ಫಾಲ್ಸಿಪಾರಂ ಹಾಗೆ ಲ್ಯಾಬಿನಲ್ಲಿ ಬಹುಕಾಲ ಸಾಕಲು ಆಗುವುದಿಲ್ಲ. ಅದಕ್ಕೆ ಎಳೆಯ ರಕ್ತಕಣಗಳೇ ಬೇಕು. ಕಂಪನಿ ಕೆಲಸಗಳೂ ಕಡಿಮೆ, ಬಡವರ ಕಾಯಿಲೆಯಲ್ಲಿ ಲಾಭ ಎಲ್ಲಿ?

ಸೇರುವ ಮುಂಚೆ ಯಾವುದಾದರೂ ಲ್ಯಾಬಿನಲ್ಲಿ ಎರಡು ತಿಂಗಳು ಕಲ್ಚರ್ (ಸಾಕುವ ಪರಾವಲಂಬಿಗಳನ್ನು) ನೋಡಿಕೊಂಡಿರಿ. ಭಾನುವಾರ ಬೆಳಿಗ್ಗೆ ಆರಕ್ಕೆ ಮೀಡಿಯಂ ಬದಲಿಸಿ ವಾಪಸ್ ಬರುವಾಗ ಮಲ್ಲೇಶ್ವರದಲ್ಲಿ ದೋಸೆಗೆ ಕ್ಯೂ ಇನ್ನೂ ಶುರುವಾಗಿರುವುದಿಲ್ಲ, ಅದೊಂದು ಲಾಭ.