ಮಿಡಲ್‌ವೇಟ್ ಎಂದರೆ ಎರಡನೇ ದರ್ಜೆಯಲ್ಲ

ಪತ್ರ: ಜಾಝ್ ಕೇಳಲು ಶುರುಮಾಡಿದ್ದೇನೆ. ಜಾನ್ ಕೋಲ್ಟ್ರೇನ್ ಇರುವಾಗ ಹ್ಯಾಂಕ್ ಮೋಬ್ಲಿಯಂಥ ಎರಡನೇ ಸಾಲಿನ ಸ್ಯಾಕ್ಸೋಫೋನ್ ವಾದಕರಿಗೆ ಸಮಯ ಕೊಡಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಕೋಲ್ಟ್ರೇನ್ ದೊಡ್ಡವರು, ತಕರಾರಿಲ್ಲ. ಆದರೆ ‘ಎರಡನೇ ಸಾಲು’ ಎಂಬುದು ನೀವು ಕೇಳಿ ಬರೆದ ಮಾತಲ್ಲ, ಎಲ್ಲೋ ಓದಿ ಬರೆದದ್ದು. ವಿಮರ್ಶಕ ಲಿಯೊನಾರ್ಡ್ ಫೆದರ್ ಮೋಬ್ಲಿಯನ್ನು ಟೆನರ್ ಸ್ಯಾಕ್ಸೋಫೋನಿನ ‘ಮಿಡಲ್‌ವೇಟ್ ಚಾಂಪಿಯನ್’ ಎಂದರು. ಮಿಡಲ್‌ವೇಟ್ ಅಂದರೆ ಬಾಕ್ಸಿಂಗ್‌ನಲ್ಲಿ ಮಧ್ಯಮ ತೂಕದ ವರ್ಗ. ಫೆದರ್ ತೂಗಿದ್ದು ನಾದವನ್ನು: ಕೋಲ್ಟ್ರೇನರಷ್ಟು ಗಡಸಲ್ಲ, ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕ ಸ್ಟಾನ್ ಗೆಟ್ಜ್‌ರಷ್ಟು ತೆಳುವಲ್ಲ. ಜನ ಅದನ್ನೇ ಅಂಕಪಟ್ಟಿ ಮಾಡಿಕೊಂಡರು. 1961ರಲ್ಲಿ ಮೋಬ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿದ್ದಾಗ ‘ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್’ ಆಲ್ಬಂನ ಧ್ವನಿಮುದ್ರಣಕ್ಕೆ ಕೋಲ್ಟ್ರೇನ್ ಅತಿಥಿಯಾಗಿ ಬಂದರು. ಒಂದೇ ಹಾಡಿನಲ್ಲಿ ಇಬ್ಬರೂ ಸಿಕ್ಕಮೇಲೆ ಕೇಳಬೇಕೆ, ಹೋಲಿಕೆ ಇವತ್ತಿಗೂ ನಿಂತಿಲ್ಲ.

ಮೋಬ್ಲಿಯ ಆಲ್ಬಂ ‘ಸೋಲ್ ಸ್ಟೇಷನ್’ ಹಾಕಿ. 1960ರ ಫೆಬ್ರವರಿ 7ರ ಮುದ್ರಣ. ಪಿಯಾನೊ ವಿಂಟನ್ ಕೆಲ್ಲಿ, ಬಾಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಆರ್ಟ್ ಬ್ಲೇಕಿ. ಆರರಲ್ಲಿ ನಾಲ್ಕು ರಚನೆ ಮೋಬ್ಲಿಯವೇ. ಮೊದಲ ಸಲ ಸ್ಯಾಕ್ಸೋಫೋನ್ ಬಿಟ್ಟು ಬಾಸ್‌ನ ತಗ್ಗು ನಾದಕ್ಕೆ ಕಿವಿಗೊಡಿ, ನಾಲ್ಕು ನಾಲ್ಕಾಗಿ ಬೆರಳಲ್ಲಿ ಎಣಿಸಿ. ಎರಡನೇ ಸಲ ಎಣಿಕೆ ಬಿಡದೆ ಮೋಬ್ಲಿಯ ಸಾಲು ಎಲ್ಲಿ ಏಳುತ್ತದೆ ನೋಡಿ. ಎಷ್ಟೋ ಸಲ ಒಂದನೇ ಪೆಟ್ಟು ಹೋದಮೇಲೆ ಎದ್ದು, ಗೆರೆ ದಾಟಿ ಮುಂದಿನ ಆವರ್ತದೊಳಗೆ ಮುಗಿಯುತ್ತದೆ. ಕರ್ನಾಟಕ ಸಂಗೀತದ ಅನಾಗತ ಎಡುಪು, ಅಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದನ್ನು, ಬಲ್ಲವರಿಗೆ ಈ ರುಚಿ ಬೇಗ ಹತ್ತುತ್ತದೆ. ಅಲ್ಲಿ ಎಡುಪು ನಿಗದಿ, ಇಲ್ಲಿ ಸಾಲುಸಾಲಿಗೂ ಹೊಸದು. ನುಡಿಸಲು ಕಲಿಯುವವರು ಎಡವುವುದೂ ಇಲ್ಲೇ. ಸ್ವರ ಹಿಂದೆ ಬೀಳಬೇಕು, ಲಯ ಬೀಳಬಾರದು. ತಾಳ ಹಾಕುವ ಕಾಲು ವಾದ್ಯದ ಮೇಲಿನ ಬೆರಳನ್ನು ಹಿಂಬಾಲಿಸಿತೋ, ಇಡೀ ಹಾಡು ಎಳೆದಂತಾಗುತ್ತದೆ. ಲಯ ಹಿಡಿದು ಟಿಕ್ಕೆನ್ನುವ ಮೆಟ್ರೊನೋಮನ್ನು ಎರಡು ಮತ್ತು ನಾಲ್ಕನೇ ಪೆಟ್ಟಿಗಿಟ್ಟು, ವಾದ್ಯ ಮುಟ್ಟುವ ಮೊದಲು ಸಾಲನ್ನು ಬಾಯಲ್ಲಿ ಹಾಡಬೇಕು.

ಟಿವಿ ಸ್ಪರ್ಧೆಗಳಲ್ಲಿ ತಾರಸ್ಥಾಯಿ ಮುಟ್ಟಿದವರಿಗೆ ಚಪ್ಪಾಳೆ, ಮಧ್ಯಸ್ಥಾಯಿಯಲ್ಲಿ ನಿಂತು ಹದವಾಗಿ ಹಾಡಿದವರಿಗೆ ‘ಚೆನ್ನಾಗಿತ್ತು’ ಎಂಬ ಒಂದು ಮಾತು. ಕಿವಿಗೆ ಕೂಗಿನ ಚಟ ಹತ್ತಿಸಿದ್ದೇವೆ. ಮೋಬ್ಲಿಗೆ ಅನ್ಯಾಯವಾದದ್ದೂ ಇಂಥ ಕಿವಿಗಳಿಂದಲೇ. 1966ರಲ್ಲಿ ಅವರು ‘ಎ ಸ್ಲೈಸ್ ಆಫ್ ದ ಟಾಪ್’ ಆಲ್ಬಂ ಮುದ್ರಿಸಿದರು. ಅದು ಹೊರಬಂದದ್ದು 1979ರಲ್ಲಿ. ಅಷ್ಟರಲ್ಲಿ ಶ್ವಾಸಕೋಶ ಕೆಟ್ಟು ಅವರು ವಾದ್ಯ ಕೆಳಗಿಟ್ಟಾಗಿತ್ತು. 1986ರಲ್ಲಿ ತೀರಿಕೊಂಡಾಗ ವಯಸ್ಸು 55.