ಗ್ರಹಣದ ದಿನದ ಹುರುಳಿಕಾಯಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮಗುವಿಗೆ ಐದು ವರ್ಷ. ಎರಡೂ ಕೈಯ ಕಿರುಬೆರಳು ಉಂಗುರಬೆರಳಿನತ್ತ ವಾಲಿವೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಸದ್ಯಕ್ಕೆ ಏನೂ ಬೇಡ ಎಂದಿದ್ದರು. ತಾಯಿ ನನ್ನ ಬಳಿ ಬಂದದ್ದು ತನಗೇ ನಿದ್ದೆ ಹತ್ತುತ್ತಿಲ್ಲವೆಂದು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹುರುಳಿಕಾಯಿ ಹೆಚ್ಚಿದ್ದರಂತೆ. ಅತ್ತೆ ಅದನ್ನೇ ಎತ್ತಿ ಆಡುತ್ತಿದ್ದರು. "ನನ್ನ ಕೈಯಾರೆ ಮಗೀಗೆ ಹಿಂಗ್ ಮಾಡ್ಬಿಟ್ನಲ್ಲ ಮೇಡಂ" ಎಂದು ಬಿಕ್ಕಿದರು.

ಮಗುವಿನ ಬೆರಳ ಮೇಲೆ ಕೆಂಪು ಬರೆ ಕಂಡಿತು. ರಾತ್ರಿ ಐಸ್‌ಕ್ರೀಮ್ ಕಡ್ಡಿ ಇಟ್ಟು ಬಟ್ಟೆ ಬಿಗಿದು ಮಲಗಿಸುತ್ತಿದ್ದರು.

ಮೂಲೆಯಲ್ಲಿ ಸುಮ್ಮನೆ ಕೂತಿದ್ದ ತಂದೆಗೆ, ಎರಡೂ ಕೈ ಮೇಜಿನ ಮೇಲೆ ಇಡಿ ಎಂದೆ. ಅವರ ಕಿರುಬೆರಳೂ ಅದೇ ತರಹ ಒಳಕ್ಕೆ ಬಾಗಿದ್ದವು. ಏಳು ವರ್ಷ ಸಂಸಾರ ಮಾಡಿದ ಹೆಂಡತಿ ಅದನ್ನು ಗಮನಿಸಿಯೇ ಇರಲಿಲ್ಲ.

ಇದಕ್ಕೆ ಕ್ಲಿನೊಡ್ಯಾಕ್ಟಿಲಿ ಎನ್ನುತ್ತಾರೆ. ಬೆರಳಿನ ಮೂರು ಮೂಳೆಗಳಲ್ಲಿ ಸಾಮಾನ್ಯವಾಗಿ ನಡುವಿನದು ಒಂದು ಬದಿಯಲ್ಲಿ ಗಿಡ್ಡವಾಗಿ ಬೆಳೆದಿರುತ್ತದೆ. ಎಷ್ಟೋ ಮನೆಗಳಲ್ಲಿ ವಂಶವಾಹಿಯಾಗಿ ಬರುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕಡ್ಡಿ ಕಟ್ಟಿದರೆ ಮೂಳೆಯ ಆಕಾರ ಬದಲಾಗದು, ಚರ್ಮ ಮಾತ್ರ ನೋಯುತ್ತದೆ. ಅವತ್ತಿನಿಂದಲೇ ಬಿಚ್ಚಿಸಿದೆ. ಬೆರಳು ಪಕ್ಕಕ್ಕಲ್ಲದೆ ಅಂಗೈ ಕಡೆಗೆ ಮಡಚಿಕೊಂಡಿದ್ದರೆ ಅದು ಬೇರೆ, ಕ್ಯಾಂಪ್ಟೊಡ್ಯಾಕ್ಟಿಲಿ. ಅಲ್ಲಿ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ, ಪಟ್ಟಿ ಉಪಯೋಗಕ್ಕೆ ಬರುತ್ತವೆ. ಇವೆರಡನ್ನೂ ಒಂದೇ ಎಂದುಕೊಂಡು ಮನೆಮದ್ದು ಮಾಡುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

10 ಡಿಗ್ರಿಯೊಳಗಿನ ಓರೆ ಎಷ್ಟೋ ಜನರಿಗೆ ಇರುತ್ತದೆ. ಮುಷ್ಟಿ ಕಟ್ಟುವಾಗ ಬೆರಳ ಮೇಲೆ ಬೆರಳು ಹತ್ತಿದರೆ, ಓರೆ ಹೆಚ್ಚುತ್ತ ಹೋದರೆ ಕೈ ಶಸ್ತ್ರತಜ್ಞರನ್ನು ಕಾಣಬೇಕು. ಮೂಳೆ ಇನ್ನೂ ಬೆಳೆಯುವ ವಯಸ್ಸಿನಲ್ಲಾದರೆ, ಬೆಳವಣಿಗೆಯನ್ನು ತಡೆಯುತ್ತಿರುವ ಭಾಗವನ್ನಷ್ಟೇ ತೆಗೆದು ಅಲ್ಲಿ ಕೊಬ್ಬು ತುಂಬುವ ಶಸ್ತ್ರಚಿಕಿತ್ಸೆಯಿದೆ. ಆಮೇಲೆ ಮೂಳೆ ಬೆಳೆಯುತ್ತ ಓರೆ ತಗ್ಗುತ್ತದೆ. ಹುಟ್ಟಿನಿಂದಲೇ ಇದ್ದು ಮಗುವಿನ ಬೆಳವಣಿಗೆಯನ್ನು ನಿಧಾನಗೊಳಿಸುವ ಡೌನ್ ಸಿಂಡ್ರೋಮ್‌ನಂಥ ತೊಂದರೆಗಳಲ್ಲೂ ಈ ಬಾಗು ಕಾಣುವುದರಿಂದ, ನಡಿಗೆ, ಮಾತು ತಡವಾದ ಮಕ್ಕಳನ್ನು ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಈ ಮಗುವಿಗೆ ಅಂಥದ್ದೇನೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಅಂಗೈ ಮೇಜಿಗೊತ್ತಿ ಫೋಟೊ ತೆಗೆದಿಡಿ ಎಂದೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ "ನಮ್ಮಪ್ಪಂದೂ ಹಿಂಗೇ" ಎನ್ನುವಂತೆ ಮಗುವಿಗೆ ಹೇಳಿಕೊಟ್ಟೆವು.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. ಮಗನ ಬೆರಳನ್ನೂ ಮೊಮ್ಮಗಳ ಬೆರಳನ್ನೂ ಪಕ್ಕಪಕ್ಕ ಹಿಡಿದು ತುಂಬ ಹೊತ್ತು ನೋಡಿದರು. "ನಮ್ ಯಜಮಾನ್ರದ್ದೂ ಹಿಂಗೇ ಇತ್ತು ಕಣವ್ವ" ಎಂದು ಸೊಸೆಯ ಕೈ ಹಿಡಿದುಕೊಂಡರು.